ಲೈಟರ್ ಬೇಡವೆನ್ನುವ ಮೇಷ್ಟ್ರಿಗೆ

ಪತ್ರ: ಗೋಣಿಕೊಪ್ಪಲಿನಲ್ಲಿ ಮೊನ್ನೆ ಒಂದು ನಾಟಕ ನೋಡಿದೆ. 1925ರ ಕಾಫಿ ತೋಟದ ಕಥೆ. ದೊರೆಯ ಪಾತ್ರಧಾರಿ ಜೇಬಿನಿಂದ ಮುಚ್ಚಳವಿರುವ ಜಿಪ್ಪೋ ಲೈಟರ್ ತೆಗೆದು ಎಷ್ಟು ಗೀರಿದರೂ ಹೊತ್ತಲಿಲ್ಲ. ಸಭೆಯೆಲ್ಲ ನಕ್ಕಿತು. ಯಕ್ಷಗಾನದವರು ಕೈಸನ್ನೆಯಲ್ಲೇ ಕಾಡು, ಹೊಳೆ ತೋರಿಸುತ್ತಾರೆ; ಇವರಿಗೆ ಲೈಟರ್ ಯಾಕೆ? ಹುಡುಗರಿಗೆ ಸಿಗರೇಟಿನ ಶೋಕಿ ಹತ್ತಿಸಲೇ? ಸಿನಿಮಾ, ಟಿ.ವಿ.ಯವರೂ ಇದನ್ನು ಬಿಡಬಾರದೇ? ನಾನೂ ಶಾಲೆಯಲ್ಲಿ ಮಕ್ಕಳಿಂದ ನಾಟಕ ಆಡಿಸಿದವನು, ಅದಕ್ಕೇ ಕೇಳುತ್ತಿದ್ದೇನೆ.
— ನಿವೃತ್ತ ಶಿಕ್ಷಕರು, ಸಿದ್ದಾಪುರ

ಸಂಪಾದಕರ ಉತ್ತರ: ಮೇಷ್ಟ್ರೇ, ಸಿಗರೇಟಿನ ಬಗ್ಗೆ ನಿಮಗಿರುವ ಆತಂಕ ನ್ಯಾಯವಾದದ್ದೇ. ತೆರೆಯ ಮೇಲೆ ಯಾರಾದರೂ ಸೇದುವಾಗ ಕೆಳಗೆ ಎಚ್ಚರಿಕೆ ಬರಬೇಕೆಂಬ ನಿಯಮ 2012ರ ಅಕ್ಟೋಬರಿನಿಂದ ಇದೆ, 2023ರಲ್ಲಿ ಅದು ಒಟಿಟಿಗೂ ಬಂತು. ಬರಲಿ. ಆದರೆ ಲೈಟರ್ ಎಂದರೆ ಸಿಗರೇಟು ಎಂದು ನೀವು ತೀರ್ಮಾನಿಸಿದ್ದೀರಲ್ಲ, ಅಲ್ಲಿ ನಾನು ನಿಮ್ಮ ಜತೆ ಜಗಳಕ್ಕೆ ನಿಲ್ಲುತ್ತೇನೆ.

ಚಿತ್ರನಿರ್ದೇಶಕ ಹಿಚ್‌ಕಾಕ್ 1951ರಲ್ಲಿ ‘ಸ್ಟ್ರೇಂಜರ್ಸ್ ಆನ್ ಎ ಟ್ರೈನ್’ ಸಿನಿಮಾ ಮಾಡಿದರು. ಅದರಲ್ಲಿ ಟೆನಿಸ್ ಆಟಗಾರನಿಗೆ ಪ್ರೇಯಸಿ ಕೊಟ್ಟ ಲೈಟರ್ ಒಂದಿದೆ. ಮೇಲೆ ಎರಡು ರ‍್ಯಾಕೆಟ್‌ಗಳ ಚಿತ್ರ, ‘ಎ’ಯಿಂದ ‘ಜಿ’ಗೆ ಎಂಬ ಕೆತ್ತನೆ. ರೈಲಿನಲ್ಲಿ ಅದು ಕೊಲೆಗಾರನ ಕೈಸೇರುತ್ತದೆ. ಕೊಲೆ ನಡೆದ ಜಾಗದಲ್ಲಿ ಅದನ್ನು ಹಾಕಿ ಬಂದರೆ ನಿರಪರಾಧಿಯ ಕುತ್ತಿಗೆಗೆ ಉರುಳು. ದಾರಿಯಲ್ಲಿ ಲೈಟರ್ ಚರಂಡಿಯ ಕಬ್ಬಿಣದ ಜಾಲಿಯೊಳಗೆ ಬೀಳುತ್ತದೆ. ಕೊಲೆಗಾರ ತೋಳು ಇಳಿಸಿ, ಬೆರಳು ಚಾಚಿ ತಡಕಾಡುತ್ತಾನೆ. ಅತ್ತ ಆಟಗಾರ ಪಂದ್ಯ ಮುಗಿಸಿ ಓಡಿಬರಲು ಒದ್ದಾಡುತ್ತಿರುತ್ತಾನೆ. ಬೆರಳ ತುದಿಗೂ ಆ ಚೂರು ಲೋಹಕ್ಕೂ ನಡುವಿನ ಅಂಗುಲದಲ್ಲಿ ಪ್ರೇಕ್ಷಕನ ಉಸಿರು ಸಿಕ್ಕಿಕೊಳ್ಳುತ್ತದೆ. ಅಲ್ಲಿ ಯಾವ ಸಿಗರೇಟಿದೆ, ಹೇಳಿ? 1988ರ ‘ಡೈ ಹಾರ್ಡ್’ನಲ್ಲಿ ನಾಯಕ ಗಾಳಿ ಕೊಳವೆಯೊಳಗೆ ತೆವಳುವಾಗಲೂ ಲೈಟರೇ ದೀಪ.

ಯಕ್ಷಗಾನದ ಮಾತಿಗೆ ಬರೋಣ. ಕೈಸನ್ನೆಯ ಬಲ ನನಗೂ ಗೊತ್ತು. ಆದರೆ ದೀವಟಿಗೆಯ ಕಾಲದ ಆಟದಲ್ಲಿ ಬಣ್ಣದ ವೇಷ ಬರುವಾಗ ರಾಳದ ಪುಡಿ ಎರಚಿ ಬೆಂಕಿ ಭುಗಿಲೆಬ್ಬಿಸುತ್ತಿದ್ದರಲ್ಲ! ರಾಕ್ಷಸನಿಗೆ ನಿಜವಾದ ಬೆಂಕಿಯೇ ಬೇಕೆಂದು ನಮ್ಮ ಹಿರಿಯರೂ ಬಲ್ಲರು.

ಆ ನಾಟಕ ನಾನೂ ನೋಡಿದೆ. ಲೈಟರ್ ತಂದದ್ದು ತಪ್ಪಲ್ಲ, ಲೈಟರನ್ನು ಅರಿಯದೆ ತಂದದ್ದು ತಪ್ಪು. ಜಿಪ್ಪೋ ಮೊದಲು ತಯಾರಾದದ್ದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, 1933ರಲ್ಲಿ. 1925ರ ದೊರೆಯ ಕೈಗೆ ಅದು ಬಂದದ್ದು ಹೇಗೆ? ಬೆಂಕಿಪೊಟ್ಟಣ ಹಿಡಿದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಇನ್ನು ಹೊತ್ತದಿರುವುದು. ಜಿಪ್ಪೋದ ಹೊಟ್ಟೆಯೊಳಗೆ ಹತ್ತಿ, ಹತ್ತಿಗೆ ಕುಡಿಸಿದ ಎಣ್ಣೆ. ಮುಚ್ಚಿಟ್ಟರೂ ಆ ಎಣ್ಣೆ ಆವಿಯಾಗಿ ಹೋಗುತ್ತದೆ. ತಾಲೀಮಿಗೆಂದು ತುಂಬಿದ್ದು ವಾರ ಕಳೆದು ಪ್ರದರ್ಶನಕ್ಕೆ ಉಳಿಯುವ ಭರವಸೆಯಿಲ್ಲ. ಪರದೆ ಏಳುವ ದಿನವೇ ತುಂಬಬೇಕು, ಕಿಡಿ ಹಾರಿಸುವ ಕಲ್ಲು ಸವೆದಿದೆಯೇ ನೋಡಬೇಕು, ಬತ್ತಿ ಎಳೆದು ಸರಿಮಾಡಬೇಕು, ರಂಗದ ಪಕ್ಕದ ಮರೆಯಲ್ಲಿ ಒಂದು ಬಕೆಟ್ ಮರಳು ಇಡಬೇಕು. ಗ್ಯಾಸ್ ಲೈಟರಾದರೆ ಹೆಬ್ಬೆರಳು ಒತ್ತಿರುವಷ್ಟು ಹೊತ್ತು ಮಾತ್ರ ಜ್ವಾಲೆ. ಮಾತು ಉದ್ದವಾದರೆ ಲೋಹದ ತುದಿ ಕಾದು ಬೆರಳು ಸುಡುತ್ತದೆ. ಬತ್ತಿಯ ಲೈಟರ್ ಹಾಗಲ್ಲ, ಮುಚ್ಚಳ ಹಾಕುವವರೆಗೂ ಉರಿಯುತ್ತದೆ. ನಟ ಅದನ್ನು ಮೇಜಿನ ಮೇಲಿಟ್ಟು ಮಾತು ಮುಗಿಸಿ, ಟಕ್ಕೆಂದು ಮುಚ್ಚಿದರೆ ಎದುರಿನವನಿಗೆ ‘ಇನ್ನು ನೀನು ಹೊರಡು’ ಎಂದಂತೆ. ಜಿಪ್ಪೋ ಕಂಪನಿ ತನ್ನ ಲೈಟರಿನ ಸದ್ದನ್ನೇ 2018ರಲ್ಲಿ ತನ್ನ ವ್ಯಾಪಾರಮುದ್ರೆಯಾಗಿ ನೋಂದಾಯಿಸಿಕೊಂಡಿತು.

ಸಿನಿಮಾದವರೂ ಹಿಂದೆ ಇಷ್ಟೇ ಶ್ರದ್ಧೆ ತೋರಿಸುತ್ತಿದ್ದರು. ಹಳೆಯ ಫಿಲ್ಮಿಗೆ ಅಷ್ಟು ಸಣ್ಣ ಜ್ವಾಲೆಯ ಬೆಳಕು ಸಾಲದು. ಕ್ಯಾಮೆರಾಗೆ ಕಾಣದಂತೆ ಪುಟ್ಟ ಬಲ್ಬ್ ಇಟ್ಟು, ಲೈಟರ್ ಹೊತ್ತಿದ ಕ್ಷಣಕ್ಕೆ ಸರಿಯಾಗಿ ಅದನ್ನು ಬೆಳಗಿಸುತ್ತಿದ್ದರು. ಈಗಿನ ಕ್ಯಾಮೆರಾಗಳಿಗೆ ಬರೀ ಜ್ವಾಲೆಯೇ ಸಾಕು. ಆದರೂ ಧಾರಾವಾಹಿಗಳಲ್ಲಿ ಕಂಪ್ಯೂಟರಿನ ಬೆಂಕಿ ಅಂಟಿಸುತ್ತಾರೆ. ಬೆಂಕಿ ಎದುರಿಗಿಲ್ಲದ ನಟನ ಕಣ್ಣು ಕಿರಿದಾಗುವುದಿಲ್ಲ, ಮುಖ ಹಿಂದೆ ಸರಿಯುವುದಿಲ್ಲ. ನೋಡುವವನಿಗೆ ಕಾರಣ ತಿಳಿಯದಿದ್ದರೂ ಸುಳ್ಳು ತಿಳಿಯುತ್ತದೆ.

ನನ್ನ ಸಂಕಟ ಇರುವುದೇ ಇಲ್ಲಿ. ಕಾವೇರಿ, ಸಾವಿತ್ರಿಯರ ಕಥೆಯನ್ನು ಕೊಡವ ಭಾಷೆಯಲ್ಲಿ ರಂಗಕ್ಕೆ ತಂದ ಅಪ್ಪಚ್ಚ ಕವಿಯ ನಾಡು ಇದು. ಇಂದು ನಮ್ಮ ದಸರಾ ವೇದಿಕೆಗಳಲ್ಲಿ ಎಲ್‌ಇಡಿ ಪರದೆಗೆ ದುಡ್ಡಿದೆ, ಡಿ.ಜೆ.ಗೆ ದುಡ್ಡಿದೆ, ಅತಿಥಿಗಳ ಶಾಲು ಹಾರಕ್ಕೂ ಇದೆ. ರಂಗಪರಿಕರಕ್ಕೆ ಎಂದರೆ ‘ಯಾರ ಮನೆಯಿಂದಾದರೂ ತನ್ನಿ’. ಕರಪತ್ರದಲ್ಲಿ ಶಾಮಿಯಾನದವರ ಹೆಸರಿರುತ್ತದೆ, ಪರಿಕರ ಜೋಡಿಸಿದ ಹುಡುಗನದ್ದು ಇರುವುದಿಲ್ಲ. ಸೈನ್ಯದಿಂದ ನಿವೃತ್ತರಾದ ಹಿರಿಯರ ಮನೆ ಕೊಡಗಿನಲ್ಲಿ ಎಲ್ಲಿಲ್ಲ? ಅವರ ಕಪಾಟಿನಲ್ಲಿ ಹಳೆಯ ಲೈಟರ್, ಗಡಿಯಾರ, ಟೋಪಿ ಇದ್ದೇ ಇರುತ್ತವೆ. ಯಾವುದು ಯಾವ ಕಾಲದ್ದೆಂದು ಅವರೇ ಹೇಳಬಲ್ಲರು. ಹೋಗಿ ಕೇಳುವವರಿಲ್ಲ.

ನಾಟಕ ಆಡಿಸಿದ ಕೈ ನಿಮ್ಮದು, ಮೇಷ್ಟ್ರೇ. ದೂರಿ ಪತ್ರ ಬರೆದು ಸುಮ್ಮನಾಗಬೇಡಿ. ಅದೇ ತಂಡ ಆ ನಾಟಕವನ್ನು ವಿರಾಜಪೇಟೆಯಲ್ಲಿ ಮತ್ತೆ ಆಡಲಿದೆ. ತಾಲೀಮಿಗೆ ಹೋಗಿ, ಪರಿಕರದ ಪೆಟ್ಟಿಗೆಯ ಕೀಲಿ ಕೇಳಿ ಇಸಿದುಕೊಳ್ಳಿ. ಅವರ ನಿರ್ದೇಶಕರಿಗೆ ನಾನು ಈಗಾಗಲೇ ಹೇಳಿದ್ದೇನೆ.