ಬೆರಳು ಸುಟ್ಟದ್ದು ಅವಳದ್ದು, ಅಳುವುದು ಅವನು

ನಮಸ್ಕಾರ. ನಿಮ್ಮ ಕಾದಂಬರಿ ಪೂರ್ತಿ ಓದಿದೆ. ಈಗಿರುವ ಹಾಗೆ ನಾವು ಇದನ್ನು ಪ್ರಕಟಿಸುವುದಿಲ್ಲ. ಆದರೆ ಇದನ್ನು ಕೈಬಿಡಬೇಡಿ, ಯಾಕೆ ಅಂತ ಹೇಳುತ್ತೇನೆ.

ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ದೊಡ್ಡ ಮನೆ, ಅಡಿಕೆ ತೋಟ, ಬುಟ್ಟಿ ಮಾರಲು ಬರುವ ಕೊರಗ ಹೆಂಗಸು (ಊರು ಮುಟ್ಟಿಸಿಕೊಳ್ಳದ ಬುಡಕಟ್ಟಿನವಳು), ಅವಳನ್ನು ಕಂಡು ಮರುಗುವ ಮನೆಯ ಮೊಮ್ಮಗ. ಮೂರನೇ ಅಧ್ಯಾಯದಲ್ಲಿ ಅವಳು ಅಂಗಳದ ತುದಿಯಲ್ಲಿ ತೆಂಗಿನ ಗೆರಟೆ ಹಿಡಿದು ಕೂತಿದ್ದಾಳೆ. ಅಜ್ಜಿ ಮೈಗೆ ತಾಗದ ಹಾಗೆ ಮೇಲಿಂದ ಚಹಾ ಹೊಯ್ಯುತ್ತಾರೆ, ಬಿಸಿ ಚಹಾ ಅವಳ ಹೆಬ್ಬೆರಳಿಗೆ ಬೀಳುತ್ತದೆ. ಎಷ್ಟು ಚೆನ್ನಾಗಿ ಬರೆದಿದ್ದೀರಿ! ಆಮೇಲೆ ಎರಡು ಪುಟ ಹುಡುಗನ ಸಂಕಟ, ಹುಡುಗನ ಕಣ್ಣೀರು. ಸುಟ್ಟದ್ದು ಅವಳ ಬೆರಳು ಅಲ್ವಾ?

ಕಾದಂಬರಿಯಿಡೀ ಅವಳು ಒಮ್ಮೆಯೂ ನಗುವುದಿಲ್ಲ, ರೇಗುವುದಿಲ್ಲ, ಸುಮ್ನೆ ತಲೆ ತಗ್ಗಿಸಿರುತ್ತಾಳೆ. ಆ ಮನೆಯವರ ಬಗ್ಗೆ ಅವಳಿಗೆ ಎಷ್ಟು ಗೊತ್ತಿರಬೇಡ! ಬುಟ್ಟಿಗೆ ಯಾರು ಜಾಸ್ತಿ ಚೌಕಾಸಿ ಮಾಡುತ್ತಾರೆ, ಯಾರು ಹಳೇ ಬಟ್ಟೆ ಕೊಟ್ಟು ದುಡ್ಡು ಉಳಿಸಿಕೊಳ್ಳುತ್ತಾರೆ, ಈ ಹುಡುಗ ಯಾಕೆ ಹೀಗೆ ನೋಡುತ್ತಾನೆ ಅಂತ ಅವಳು ಸಂಜೆ ಬಳ್ಳಿ ಸೀಳುತ್ತಾ ತನ್ನವರ ಹತ್ತಿರ ಹೇಳುವುದಿಲ್ಲವೇ? ಅದೂ ತುಳುವಿನಲ್ಲಿ, ನೀವು ಬರೆದ ಪಠ್ಯಪುಸ್ತಕದ ಕನ್ನಡದಲ್ಲಲ್ಲ.

ಹಾರ್ಪರ್ ಲೀ 1960ರಲ್ಲಿ ಬರೆದ 'ಟು ಕಿಲ್ ಎ ಮಾಕಿಂಗ್‌ಬರ್ಡ್' ನೀವು ಓದಿರಬಹುದು. ಅಲ್ಲಿ ಕಥೆ ಹೇಳುವುದು ಸ್ಕೌಟ್ ಎಂಬ ಬಿಳಿಯ ಹುಡುಗಿ. ಸುಳ್ಳು ಆರೋಪ ಹೊತ್ತ ಕರಿಯ ಟಾಮ್ ರಾಬಿನ್ಸನ್ ನಮಗೆ ಸಿಗುವುದು ಮುಖ್ಯವಾಗಿ ಕೋರ್ಟಿನಲ್ಲಿ. ಒಳ್ಳೆಯ ಕಾದಂಬರಿಯೇ, ಆದರೂ ಟಾಮ್‌ನ ಮನಸ್ಸಿನೊಳಗೆ ನಾವು ಹೋಗುವುದೇ ಇಲ್ಲ. ಹತ್ತು ವರ್ಷದ ನಂತರ ಬಂದ ಟೋನಿ ಮಾರಿಸನ್ ಅವರ 'ದಿ ಬ್ಲೂಯೆಸ್ಟ್ ಐ' ಓದಿ ನೋಡಿ. ಪೆಕೋಲಾ ಎಂಬ ಕರಿಯ ಹುಡುಗಿಯ ಅಮ್ಮ ಬಿಳಿಯರ ಮನೆಯಲ್ಲಿ ಅಡುಗೆ ಕೆಲಸದವಳು. ಆ ಅಡುಗೆಮನೆಯಲ್ಲಿ ಪೆಕೋಲಾಳ ಕೈತಪ್ಪಿ ಹಣ್ಣಿನ ಬಿಸಿ ಕಡುಬು ಚೆಲ್ಲಿ ಕಾಲು ಸುಡುತ್ತದೆ. ಅಮ್ಮ ಓಡಿ ಬಂದು ಮಗಳಿಗೇ ಹೊಡೆಯುತ್ತಾಳೆ, ಅಳುತ್ತಿರುವ ಬಿಳಿಯ ಮಗುವನ್ನು ಸಮಾಧಾನ ಮಾಡುತ್ತಾಳೆ. ಬಿಳಿಯರು ಯಾರೂ ಅಲ್ಲಿ ಬೈಯಬೇಕಾಗಿಲ್ಲ. ಜನಾಂಗದ್ವೇಷ ಅಷ್ಟು ಹೊತ್ತಿಗೆ ತಾಯಿಯ ಕೈಗೇ ಬಂದುಬಿಟ್ಟಿದೆ. ಮರುಕಪಡುವ ಒಬ್ಬ ಹುಡುಗ ಪಕ್ಕದಲ್ಲಿ ನಿಂತು ಇದನ್ನು ಹೇಳಿದ್ದರೆ ನಮಗೆ ಇಷ್ಟು ತಟ್ಟುತ್ತಿತ್ತೇ?

ಇನ್ನು ನಿಮ್ಮ ಅಜ್ಜಿ. ಆಕೆ ಬರೀ ರಾಕ್ಷಸಿ, ಅದು ಸಾಲದು. ಕಾರಂತರ 'ಚೋಮನ ದುಡಿ'ಯಲ್ಲಿ ದಲಿತ ಜೀತಗಾರ ಚೋಮನ ಧಣಿ ಸಂಕಪ್ಪಯ್ಯ ಕೆಟ್ಟವರಲ್ಲ, ಚೋಮನಿಗೆ ಭೂಮಿ ಕೊಡಬಹುದು ಅಂತ ಅವರಿಗೂ ಅನಿಸುತ್ತದೆ. ಅವರ ತಾಯಿ ಬೇಡ ಅಂದರು, ಅವರು ಸುಮ್ಮನಾದರು. ಚೋಮನಿಗೆ ಭೂಮಿ ಸಿಗಲಿಲ್ಲ. ಹೀಗೆ ಸುಮ್ಮನಾಗುವವರು ನಿಮ್ಮ ಕಾದಂಬರಿಯಲ್ಲಿ ಯಾರೂ ಇಲ್ಲ. ನನಗನಿಸುತ್ತದೆ, ನಿಮ್ಮ ಹುಡುಗನೇ ಅವನು. ಅಷ್ಟು ಅತ್ತವನು ಮರುದಿನ ಒಂದು ಲೋಟ ತಂದುಕೊಟ್ಟನೇ?

ಒಂದು ತಪ್ಪು ತಿದ್ದಲೇಬೇಕು. ಕೊರಗರಿಂದ ಹೀನಾಯ ಚಾಕರಿ ಮಾಡಿಸುವ ಅಜಲು ಪದ್ಧತಿ ನಿಷೇಧಿಸಿದ 2000ದ ಕಾಯ್ದೆ ಕರ್ನಾಟಕದ್ದು. ನಿಮ್ಮ ಊರು 1956ರಿಂದ ಕೇರಳದಲ್ಲಿದೆ, ನಿಮ್ಮ ಕಾದಂಬರಿಯ ಪೊಲೀಸ್ ಆ ಕಾಯ್ದೆ ಹೇಳಿ ಕೇಸು ಹಾಕಲಾರ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆ ಎರಡೂ ಕಡೆ ಇದೆ, ಅದನ್ನು ನೋಡಿ.

ಹುಡುಗನನ್ನು ತೆಗೆಯಬೇಡಿ, ಅವನ ಪುಟ ಅರ್ಧ ಮಾಡಿ. ಮೂರನೇ ಅಧ್ಯಾಯವನ್ನು ಅವಳ ಕಡೆಯಿಂದ ಮತ್ತೆ ಬರೆಯಿರಿ. ಬರೆದ ಮೇಲೆ ನಿಮ್ಮ ಊರಿನ ಕೊರಗರಿಗೇ ಓದಿ ಹೇಳಿ, ಅವರು ಇದು ಸುಳ್ಳು ಅಂದ ಕಡೆ ವಾದ ಮಾಡಬೇಡಿ. ಆಮೇಲೆ ಆ ಒಂದು ಅಧ್ಯಾಯ ಮಾತ್ರ ನನಗೆ ಕಳಿಸಿ, ಬೇಗ ಓದುತ್ತೇನೆ.