ಹಳೆ ಬೈಕ್, ಸಿಗದ ಪಾರ್ಟು: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನನ್ನದು ಹೋಂಡಾದ ಹಳೆಯ ಬೈಕ್. ವೇಗ ಏರಿಸಿದರೆ ಹೆಡ್‌ಲೈಟ್ ಬಲ್ಬ್ ಸುಟ್ಟುಹೋಗುತ್ತದೆ, ಬ್ಯಾಟರಿ ನೀರೂ ಬೇಗ ಬತ್ತುತ್ತದೆ. ರೆಗ್ಯುಲೇಟರ್-ರೆಕ್ಟಿಫೈಯರ್ ಹೋಗಿದೆ ಎನ್ನುತ್ತಾರೆ. ಆ ಮಾಡೆಲ್ ನಿಂತು ಎಷ್ಟೋ ವರ್ಷವಾಯಿತು, ಪಾರ್ಟ್ ಸಿಗುತ್ತಿಲ್ಲ. ಬೇರೆ ಬೈಕಿನದು ಹಾಕಬಹುದೇ?

ಉತ್ತರ: ಹಾಕಬಹುದು. ಇಂಜಿನ್ ತಿರುಗಿದಾಗ ಹುಟ್ಟುವ ಏಸಿ ಕರೆಂಟನ್ನು ಡಿಸಿ ಮಾಡಿ, ವೋಲ್ಟ್ ಮಿತಿಯಲ್ಲಿಟ್ಟು ಬ್ಯಾಟರಿಗೆ ಕೊಡುವ ಯೂನಿಟ್ ಇದು. ಆದರೆ ಮೊದಲು ವೋಲ್ಟ್ ಅಳೆಯುವ ಮೀಟರ್ ಹಿಡಿಯಿರಿ, ಆಮೇಲೆ ಪಾರ್ಟ್ ಹುಡುಕಿ. ಕೆಟ್ಟಿದ್ದು ಒಂದು, ಕೊಂಡಿದ್ದು ಇನ್ನೊಂದು ಆದರೆ ದುಡ್ಡು ದಂಡ ಅಲ್ವಾ?

ಇಂಜಿನ್ ಸ್ಟಾರ್ಟ್ ಮಾಡಿ, ರೇಸ್ ಸ್ವಲ್ಪ ಏರಿಸಿ, ಬ್ಯಾಟರಿಯ ಎರಡು ತುದಿಗೆ ಮೀಟರ್ ಇಟ್ಟು ನೋಡಿ. 12 ವೋಲ್ಟ್ ಬೈಕಿನಲ್ಲಿ 13.5ರಿಂದ 14.5ರ ಒಳಗೆ ನಿಂತರೆ ಸರಿ. 15 ದಾಟಿ ಏರುತ್ತಲೇ ಹೋದರೆ ಚಾರ್ಜ್ ಜಾಸ್ತಿ ಆಗುತ್ತಿದೆ. ಆಗಲೂ ತಪ್ಪು ಯೂನಿಟ್‌ನದೇ ಎನ್ನಬೇಡಿ. ಹಳೆಯ ಹೋಂಡಾಗಳಲ್ಲಿ ಯೂನಿಟ್‌ಗೆ ಒಂದು ಕಪ್ಪು ವೈರ್ ಹೋಗಿರುವುದು ಸಾಮಾನ್ಯ. ಬ್ಯಾಟರಿ ಎಷ್ಟಿದೆ ಎಂದು ಅದು ನೋಡುವುದು ಈ ವೈರ್‌ನಿಂದಲೇ. ಕೀ ಸ್ವಿಚ್ ಸವೆದೋ, ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಹಸಿರುಗಟ್ಟಿಯೋ ಆ ದಾರಿಯಲ್ಲಿ ಒಂದು ವೋಲ್ಟ್ ಕಳೆದುಹೋದರೆ, ಪಾಪ, ಯೂನಿಟ್ ಬ್ಯಾಟರಿ ಇಳಿದಿದೆ ಎಂದುಕೊಂಡು ಇನ್ನಷ್ಟು ತಳ್ಳುತ್ತದೆ. ಕೀ ಆನ್ ಇಟ್ಟು ಕಪ್ಪು ವೈರ್‌ನಲ್ಲೂ ಬ್ಯಾಟರಿಯಲ್ಲೂ ವೋಲ್ಟ್ ಹೋಲಿಸಿ. ಅರ್ಥ್ ವೈರ್ ಬಿಚ್ಚಿ, ಉಜ್ಜಿ, ಮತ್ತೆ ಬಿಗಿಯಿರಿ. ಎಷ್ಟೋ ಸಲ ಕಥೆ ಇಲ್ಲೇ ಮುಗಿಯುತ್ತದೆ.

ಇವೆಲ್ಲ ಸರಿ ಇದ್ದರೆ ಮಾತ್ರ ಯೂನಿಟ್ ಬದಲಿಸಿ. ಬೈಕಿನ ಹೆಸರು ಹೇಳಿಕೊಂಡು ತಿರುಗಬೇಡಿ, ನಂಬರ್ ಹಿಡಿಯಿರಿ. ಹೋಂಡಾ ಪಾರ್ಟ್ ನಂಬರಿನ ಮೊದಲ ಐದು ಅಂಕಿ ಯಾವ ಪಾರ್ಟ್ ಎಂದು ಹೇಳುತ್ತವೆ. ರೆಗ್ಯುಲೇಟರ್-ರೆಕ್ಟಿಫೈಯರ್‌ಗೆ 31600. ನಡುವಿನ ಮೂರು ಅಕ್ಷರ ಮಾಡೆಲ್‌ದು. ಯಮಹಾದಲ್ಲಿ ಉಲ್ಟಾ: ಮಾಡೆಲ್ ಮೊದಲು, ಪಾರ್ಟ್ ಆಮೇಲೆ. ನಿಮ್ಮ ನಂಬರೇ ಬೇರೆ ಯಾವ ಮಾಡೆಲ್‌ಗಳ ಪಟ್ಟಿಯಲ್ಲಿದೆ ನೋಡಿ. ಒಂದೇ ಯೂನಿಟ್ ಹಲವು ಬೈಕುಗಳಲ್ಲಿರುತ್ತದೆ. ಮೈಮೇಲೆ ಎಸ್‌ಎಚ್ ಎಂದು ಶುರುವಾಗುವ ನಂಬರಿದ್ದರೆ ಅದು ಶಿಂಡೆನ್‌ಗೆನ್ ಕಂಪನಿಯ ಮಾಲು. ಆ ನಂಬರಿನಿಂದಲೂ ಹುಡುಕಬಹುದು.

ಬೇರೆಯದನ್ನೇ ಹಾಕುವುದಾದರೆ ಆಲ್ಟರ್ನೇಟರ್‌ನಿಂದ (ಕರೆಂಟ್ ಹುಟ್ಟಿಸುವ ಭಾಗದಿಂದ) ಬರುವ ಹಳದಿ ವೈರ್ ಎಣಿಸಿ. ಮೂರಿದ್ದರೆ ತ್ರೀ ಫೇಸ್. ಅದಕ್ಕೆ ಸಿಂಗಲ್ ಫೇಸ್ ಯೂನಿಟ್ ಬೇಡ. ಆಲ್ಟರ್ನೇಟರ್‌ನಲ್ಲಿ ಆಯಸ್ಕಾಂತದ ಬದಲು, ಕರೆಂಟ್ ಕೊಟ್ಟಾಗ ಆಯಸ್ಕಾಂತವಾಗುವ ಫೀಲ್ಡ್ ಕಾಯಿಲ್ ಇದ್ದರೆ ರೆಗ್ಯುಲೇಟರ್‌ನ ಜಾತಿಯೇ ಬೇರೆ. ಯೂನಿಟ್ ಚೆನ್ನಾಗಿ ಬಿಸಿಯಾಗುತ್ತದೆ, ಗಾಳಿ ಬೀಸುವ ಕಡೆ ಲೋಹಕ್ಕೆ ಒತ್ತಿ ಕೂರಿಸಿ. ಹಳದಿ ವೈರ್‌ಗಳ ಕಪ್ಲರ್ ಕಂದಿದ್ದರೆ ಅದನ್ನೂ ಬದಲಿಸಿ. ಕರಗಿದ ಕಪ್ಲರಿಗೆ ಹೊಸ ಯೂನಿಟ್ ಚುಚ್ಚುವವರನ್ನು ಕಂಡರೆ ನನಗೆ ಕೋಪ ಬರುತ್ತದೆ.

ಪ್ರಶ್ನೆ: ಬೇರೆ ಬೈಕಿನ ಸಿಡಿಐ (ಸ್ಪಾರ್ಕ್ ಪ್ಲಗ್‌ನಲ್ಲಿ ಕಿಡಿ ಹಾರಿಸುವ ಡಬ್ಬಿ) ಹಾಕಿದೆ, ಕಪ್ಲರ್ ಸರಿಯಾಗಿ ಕೂತಿತು. ಆದರೆ ಕಿಡಿ ಬರುತ್ತಿಲ್ಲ. ಯಾಕೆ?

ಉತ್ತರ: ಕಪ್ಲರ್ ಕೂತ ಮಾತ್ರಕ್ಕೆ ಒಳಗಿನದು ಒಂದೇ ಅಲ್ಲ. ಏಸಿ ಸಿಡಿಐಗೆ ಕರೆಂಟ್ ಬರುವುದು ಇಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟೊದ ಕಾಯಿಲ್‌ನಿಂದ, ಡಿಸಿ ಸಿಡಿಐಗೆ ಬ್ಯಾಟರಿಯಿಂದ. ಒಂದರ ಜಾಗಕ್ಕೆ ಇನ್ನೊಂದು ನಡೆಯುವುದಿಲ್ಲ. ಸುಮ್ನೆ ಕಿಕ್ ಹೊಡೆಯುತ್ತಾ ಇರಬೇಡಿ, ಹೊಸ ಸಿಡಿಐ ಕೂಡ ಸುಡಬಹುದು. ಅದನ್ನು ಕಳಚಿ, ಕೀ ಆನ್ ಮಾಡಿ, ಬೈಕ್ ಕಡೆಯ ಕಪ್ಲರ್‌ನ ಪಿನ್‌ಗಳಿಗೆ ಮೀಟರ್ ಇಡಿ. ಯಾವುದರಲ್ಲಾದರೂ ಬ್ಯಾಟರಿ ವೋಲ್ಟ್ ಬಂದರೆ ನಿಮ್ಮ ಬೈಕ್ ಡಿಸಿ. ಬರದೆ, ಕಿಕ್ ಹೊಡೆದಾಗ ಒಂದು ಪಿನ್‌ನಲ್ಲಿ ಏಸಿ ವೋಲ್ಟ್ ಜೋರಾಗಿ ಏರಿದರೆ ಏಸಿ. ಬರಿಗೈಲಿ ಮಾತ್ರ ಪಿನ್ ಮುಟ್ಟಬೇಡಿ, ಶಾಕ್ ಹೊಡೆಯುತ್ತದೆ. ಹಳೆಯ ಮ್ಯಾಗ್ನೆಟೊ ಕಾಯಿಲನ್ನು ಎಸೆಯಲೂ ಬೇಡಿ. ಸಿಡಿಐ ಒಳಗೆ ಗಟ್ಟಿ ರಾಳ ತುಂಬಿರುತ್ತದೆ, ರಿಪೇರಿ ಕಷ್ಟ. ಕಾಯಿಲನ್ನಾದರೆ ಹೊಸದಾಗಿ ತಂತಿ ಸುತ್ತಿಸಿ ರಿವೈಂಡ್ ಮಾಡಿಸಬಹುದು.