ಆಟಿಕೆ ಕಾರಿನ ಸುಂಕ ಯಾರ ಜೇಬಿನಿಂದ?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಆಟಿಕೆ ಮೇಲಿನ ಸುಂಕದ ಬಗ್ಗೆಯೇ ಇವೆ. ಉತ್ತರಕ್ಕೆ ಮುಂಚೆ ಒಂದು ವಿಷಯ ಹೇಳಿಬಿಡುತ್ತೇನೆ, ಕೆಳಗಿನ ಎಲ್ಲದಕ್ಕೂ ಅದು ಬೇಕಾಗುತ್ತದೆ. ಆಮದು ಸುಂಕವನ್ನು ಮಾಲು ಕಳಿಸಿದ ದೇಶ ಕಟ್ಟುವುದಿಲ್ಲ. ತರಿಸಿಕೊಂಡವರು ತಮ್ಮದೇ ಸರ್ಕಾರಕ್ಕೆ ಕಟ್ಟುತ್ತಾರೆ. ಟಿವಿಯಲ್ಲಿ "ಅಮೆರಿಕ ಭಾರತದ ಮೇಲೆ ಸುಂಕ ಹಾಕಿತು" ಅಂದಾಗ ನಮ್ಮ ಖಜಾನೆಯಿಂದ ದುಡ್ಡು ಹೋಗುತ್ತದೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಕಾಗದದಲ್ಲಿ ಆಮದು ಮಾಡಿದವರು ಅಂತ ಯಾರ ಹೆಸರಿದೆಯೋ ಅವರೇ ಮೊದಲು ಕಟ್ಟುವವರು. ಆಮೇಲೆ ಆ ಭಾರವನ್ನು ಅವರು ಯಾರ ತಲೆಗೆ ದಾಟಿಸುತ್ತಾರೆ ಅನ್ನೋದು ಬರೀ ಚೌಕಾಸಿ.

ಪ್ರಶ್ನೆ: ನಾನು ಚಿಕ್ಕಮಗಳೂರಿನಲ್ಲಿ ಹೈಸ್ಕೂಲ್ ಮೇಷ್ಟ್ರು. 1:64 ಅಳತೆಯ (ಅಸಲಿ ಕಾರಿನ 64ನೇ ಒಂದು ಪಾಲು) ಡೈಕಾಸ್ಟ್, ಅಂದರೆ ಲೋಹದ ಅಚ್ಚಿನ ಪುಟ್ಟ ಕಾರುಗಳನ್ನು ಸಂಗ್ರಹಿಸುತ್ತೇನೆ. ಜಪಾನಿನಿಂದ ನಾಲ್ಕು ಕಾರು ತರಿಸಿದೆ. ಬೆಲೆ 6,000 ರೂಪಾಯಿ, ಕೊರಿಯರ್ 2,500. ಗೆಳೆಯರ ಮಾತು ಕೇಳಿ ಬಾಕ್ಸ್ ಮೇಲೆ "ಗಿಫ್ಟ್" ಅಂತ ಬರೆಸಿದ್ದೆ. ಆದರೂ ಸುಂಕ ಕೇಳುತ್ತಿದ್ದಾರೆ. ನಾನೇನು ಮಗುವೇ? ಇದು ಆಟದ ಸಾಮಾನೇ ಅಲ್ಲವಲ್ಲ, ಆಟಿಕೆಯ 70 ಪರ್ಸೆಂಟ್ ನನಗ್ಯಾಕೆ?

ಉತ್ತರ: ಮೇಷ್ಟ್ರೇ, ಕಸ್ಟಮ್ಸ್‌ನವರು ನಿಮ್ಮ ವಯಸ್ಸು ನೋಡುವುದಿಲ್ಲ, ವಸ್ತು ಸುಂಕದ ಪಟ್ಟಿಯಲ್ಲಿ ಯಾವ ಶೀರ್ಷಿಕೆಗೆ ಸೇರುತ್ತದೆ ಅಂತ ನೋಡುತ್ತಾರೆ. ಆಟಿಕೆಗಳ ಶೀರ್ಷಿಕೆ 9503. ಗೊಂಬೆ, ಪಜಲ್, ಮೂರು ಚಕ್ರದ ಸೈಕಲ್ ಎಲ್ಲ ಅದರಲ್ಲೇ. ಅದೇ ಸಾಲಿನಲ್ಲಿ "ಅಳತೆಗೆ ತಕ್ಕಂತೆ ಕುಗ್ಗಿಸಿದ ಮಾಡೆಲ್‌ಗಳು" ಅಂತಲೂ ಇದೆ. ಅಂದರೆ ಮಗು ಗೋಡೆಗೆ ಗುದ್ದಿಸೋ ಕಾರು, ನೀವು ಗಾಜಿನ ಕಪಾಟಿನಲ್ಲಿಟ್ಟು ಧೂಳು ಒರೆಸೋ ಕಾರು, ಎರಡಕ್ಕೂ ಒಂದೇ ಮನೆ. ಮಾರಿದವರು "ಕಲೆಕ್ಟಿಬಲ್" ಅಂತ ಎಷ್ಟು ದೊಡ್ಡದಾಗಿ ಬರೆದರೂ ಅದು ಬದಲಾಗದು. ನೂರು ವರ್ಷ ದಾಟಿದ ಹಳೇ ವಸ್ತುಗಳ ಶೀರ್ಷಿಕೆ ಬೇರೆ ಇದೆ, ಆದರೆ ನಿಮ್ಮ ಕಾರುಗಳು ಅಷ್ಟು ಹಳೆಯವಲ್ಲ ಅಲ್ವಾ.

9503ರ ಮೂಲ ಸುಂಕ 2020ರ ಬಜೆಟ್‌ವರೆಗೆ 20 ಪರ್ಸೆಂಟ್ ಇತ್ತು. ಆ ಬಜೆಟ್‌ನಲ್ಲಿ ಒಮ್ಮೆಗೇ 60 ಆಯಿತು, 2023ರಲ್ಲಿ 70. ಸರ್‌ಚಾರ್ಜ್ ಲೆಕ್ಕ ಬದಿಗಿಟ್ಟರೂ 1,000 ರೂಪಾಯಿಯ ಆಟಿಕೆಗೆ 700 ಸುಂಕ. ಅದರ ಮೇಲೆ ಜಿಎಸ್‌ಟಿ. ಅದು ಬರೀ 1,000ದ ಮೇಲೆ ಅಲ್ಲ, ಸುಂಕ ಸೇರಿಸಿದ 1,700ರ ಮೇಲೆ ಬೀಳುತ್ತದೆ. ಕರೆಂಟ್, ಬ್ಯಾಟರಿ ಇಲ್ಲದ ಆಟಿಕೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 12ರಿಂದ 5ಕ್ಕೆ ಇಳಿಯಿತು, ಎಲೆಕ್ಟ್ರಾನಿಕ್ ಆಟಿಕೆಗೆ 18 ಹಾಗೇ ಇದೆ.

ನಿಮಗೆ ಇನ್ನೊಂದು ಬಾಗಿಲಿದೆ, ಅದನ್ನು ಯಾಕೋ ಯಾರೂ ಹೇಳುವುದಿಲ್ಲ. ಸ್ವಂತ ಬಳಕೆಗೆ ಅಂಚೆಯಲ್ಲಿ ಅಥವಾ ವಿಮಾನದಲ್ಲಿ ತರಿಸುವ ವಸ್ತುಗಳಿಗೆ 9804 ಅಂತ ಬೇರೆ ಶೀರ್ಷಿಕೆ ಇದೆ. ಅದರ ಮೂಲ ಸುಂಕ 70ಕ್ಕಿಂತ ಬಹಳ ಕಡಿಮೆ. ಈ ದರವನ್ನು ಬಜೆಟ್‌ನಲ್ಲಿ ಬದಲಾಯಿಸುತ್ತಿರುತ್ತಾರೆ, ಹಾಗಾಗಿ ಆರ್ಡರ್ ಹಾಕುವ ದಿನದ ದರ ನೋಡಿಕೊಳ್ಳಿ. ಆಮದು ಲೈಸೆನ್ಸ್ ನಂಬರ್ ಕೂಡ ಸ್ವಂತ ಬಳಕೆಗೆ ಬೇಡ, ಕೊರಿಯರ್‌ನವರಿಗೆ ಕೆವೈಸಿ ಕೊಟ್ಟರೆ ಸಾಕು. ನಾಲ್ಕು ಬೇರೆ ಬೇರೆ ಕಾರು ಸ್ವಂತಕ್ಕೆ ಅಂದರೆ ನಂಬುತ್ತಾರೆ. ಒಂದೇ ಮಾಡೆಲ್ ಇಪ್ಪತ್ತು ತರಿಸಿ "ಸ್ವಂತಕ್ಕೆ" ಅಂದರೆ ಯಾರು ತಾನೇ ನಂಬುತ್ತಾರೆ? ಕೊರಿಯರ್‌ನವರು ನಿಮ್ಮ ಪಾರ್ಸೆಲ್ಲನ್ನು ಯಾವ ಶೀರ್ಷಿಕೆಯಲ್ಲಿ ಹಾಕಿದ್ದಾರೆ ಅಂತ ಮೊದಲು ಕೇಳಿ, ದುಡ್ಡು ಕಟ್ಟಿದ ಮೇಲೆ ಕೇಳಬೇಡಿ.

ಇನ್ನೊಂದು ಲೆಕ್ಕ. ಸುಂಕ ಬೀಳುವುದು ಕಾರಿನ ಬೆಲೆ ಮೇಲಷ್ಟೇ ಅಲ್ಲ, ಸಾಗಾಣಿಕೆ ಮತ್ತು ವಿಮೆ ಸೇರಿಸಿದ ಮೊತ್ತದ ಮೇಲೆ. ಆದರೆ ವಿಮಾನದಲ್ಲಿ ಬಂದ ಮಾಲಿಗೆ ಸಾಗಾಣಿಕೆ ಎಷ್ಟೇ ಆಗಿದ್ದರೂ ಮಾಲಿನ ಬೆಲೆಯ 20 ಪರ್ಸೆಂಟ್ ಮೀರಿ ಸೇರಿಸುವ ಹಾಗಿಲ್ಲ, 2007ರ ಮೌಲ್ಯಮಾಪನ ನಿಯಮದಲ್ಲೇ ಇದು ಇದೆ. ನಿಮ್ಮ ವಿಷಯದಲ್ಲಿ 6,000ಕ್ಕೆ 1,200 ಸೇರಿ 7,200, ಮೇಲೆ ವಿಮೆಯ ಚಿಲ್ಲರೆ. ಕಾಗದದಲ್ಲಿ 8,500 ಅಂತ ಇದ್ದರೆ ಸುಮ್ನೆ ಕಟ್ಟಬೇಡಿ, ತಿದ್ದಿಸಿ.

ಇನ್ನು "ಗಿಫ್ಟ್" ವಿಷಯ. 5,000 ರೂಪಾಯಿವರೆಗಿನ ಗಿಫ್ಟ್‌ಗೆ ಸುಂಕ ಇಲ್ಲ ಅನ್ನೋ ಕಾಲ ಒಂದಿತ್ತು. 2019ರ ಡಿಸೆಂಬರ್‌ನಲ್ಲಿ ಅದನ್ನು ನಿಲ್ಲಿಸಿದರು. ಸುಂಕ ಇಲ್ಲದೆ ಗಿಫ್ಟ್ ಅಂತ ಬರಬಹುದಾದ್ದು ಈಗ ಎರಡೇ: ಜೀವರಕ್ಷಕ ಔಷಧಿ ಮತ್ತು ರಾಖಿ. ದುಡ್ಡು ಕೊಟ್ಟು ಕೊಂಡ ಕಾರಿಗೆ ಗಿಫ್ಟ್ ಅಂತ ಬರೆಸಿದರೆ ಲಾಭ ಏನೂ ಇಲ್ಲ, ಅನುಮಾನ ಮಾತ್ರ ಬರುತ್ತದೆ. ಬೆಲೆ ಕಡಿಮೆ ಬರೆಸುವುದೂ ಅಷ್ಟೇ. ಪಾರ್ಸೆಲ್ ಕಳೆದುಹೋದರೆ ಪರಿಹಾರ ಸಿಗುವುದು ಬರೆಸಿದ ಬೆಲೆಗೆ, ಕೊಟ್ಟ ಬೆಲೆಗಲ್ಲ.

ಒಂದು ಸಮಾಧಾನ ಇದೆ. ಈಗಾಗಲೇ ದೇಶದೊಳಗೆ ಬಂದಿರೋ ಕಾರನ್ನು ಬೆಂಗಳೂರಿನ ಇನ್ನೊಬ್ಬ ಸಂಗ್ರಾಹಕರಿಂದ ಕೊಂಡರೆ ಕಸ್ಟಮ್ಸ್ ಅನ್ನೋ ಮಾತೇ ಇಲ್ಲ. ಹೊಸದು ತರಿಸುವ ಖರ್ಚು ಏರಿದಷ್ಟೂ ಇಂಥ ಹಳೇ ಮಾಲಿನ ಬೆಲೆಯೂ ಏರುತ್ತದೆ ನಿಜ. ಆದರೆ ನಿಮ್ಮ ಕಪಾಟಿನಲ್ಲಿ 2020ಕ್ಕೆ ಮುಂಚಿನವು ಇದ್ದರೆ ಆ ಏರಿಕೆ ನಿಮ್ಮ ಪರವಾಗಿಯೇ ಇದೆ.

ಪ್ರಶ್ನೆ: ಹಾಸನದ ಕಟ್ಟಿನಕೆರೆ ಮಾರುಕಟ್ಟೆ ಹತ್ತಿರ ಸಣ್ಣ ಫ್ಯಾನ್ಸಿ ಅಂಗಡಿ ಇದೆ. ಹಾಸನಾಂಬ ದೇವಸ್ಥಾನದ ಬಾಗಿಲು ತೆಗೆದಾಗ ಆಟದ ಸಾಮಾನು ಜಾಸ್ತಿ ಹಾಕುತ್ತೇನೆ. ಬೆಂಗಳೂರಿನ ಹೋಲ್‌ಸೇಲ್‌ನಲ್ಲಿ ಚೀನಾ ಕಾರು 50 ರೂಪಾಯಿಗೆ ಈಗಲೂ ಸಿಗುತ್ತದೆ. 70 ಪರ್ಸೆಂಟ್ ಸುಂಕ ಇದ್ದೂ ಇದು ಹೇಗೆ ಸಾರ್?

ಉತ್ತರ: ಸುಂಕ ಬೀಳುವುದು ಬಂದರಿನಲ್ಲಿ ತೋರಿಸಿದ ಬೆಲೆಗೆ, ನಿಮ್ಮ ಅಂಗಡಿಯ ಬೆಲೆಗಲ್ಲ. ಕಾರ್ಖಾನೆಯಲ್ಲಿ 10 ರೂಪಾಯಿ ಬೀಳುವ ಕಾರಿಗೆ ಸುಂಕ 7 ರೂಪಾಯಿ. ಅಷ್ಟಕ್ಕೆ ಅದು ಸಾಯುವುದಿಲ್ಲ. ಪೆಟ್ಟು ಬಿದ್ದದ್ದು 3,000, 4,000 ರೂಪಾಯಿಯ ಆಟಿಕೆಗಳಿಗೆ. ಎಲೆಕ್ಟ್ರಾನಿಕ್ ಆಟಿಕೆಯ ಬಿಡಿಭಾಗಗಳಿಗೆ ಸುಂಕದ ದರವೇ ಬೇರೆ, 70 ಅಲ್ಲ. ಹಾಗಾಗಿ ಮೋಟಾರು, ಬೋರ್ಡು ಅಲ್ಲಿಂದ ಬಂದು, ಕವಚ ಇಲ್ಲೇ ಅಚ್ಚಾಗಿ, ಕೂಡಿಸಿದ ಮಾಲು ಬೇಕಾದಷ್ಟಿದೆ. ಬೆಲೆ ಕಡಿಮೆ ತೋರಿಸಿ ಒಳಗೆ ತರುವವರೂ ಇದ್ದಾರೆ.

ಸರ್ಕಾರದ ಅಂಕಿ ಪ್ರಕಾರ ಆಟಿಕೆ ಆಮದು 2018-19ರಲ್ಲಿ 37.1 ಕೋಟಿ ಡಾಲರ್ ಇದ್ದದ್ದು 2021-22ಕ್ಕೆ 11 ಕೋಟಿಗೆ ಇಳಿಯಿತು. ರಫ್ತು 20.2 ಕೋಟಿಯಿಂದ 32.6 ಕೋಟಿಗೆ ಏರಿತು. ಈ ಇಳಿತಕ್ಕೆ ಸುಂಕ ಒಂದೇ ಕಾರಣ ಅಂತ ನಾನು ನಂಬುವುದಿಲ್ಲ. 2021ರ ಜನವರಿ 1ರಿಂದ ಆಟಿಕೆಗೆ ಐಎಸ್‌ಐ ಮಾರ್ಕ್ ಕಡ್ಡಾಯ ಆಯಿತಲ್ಲ, ಅದೇ ದೊಡ್ಡ ಗೋಡೆ. ಸುಂಕ ಆದರೆ ಕಟ್ಟಿ ಒಳಗೆ ಬರಬಹುದು. ಮಾರ್ಕ್ ಇಲ್ಲದೆ ಬರುವ ಹಾಗೇ ಇಲ್ಲ.

ನೀವು ತಲೆ ಕೆಡಿಸಿಕೊಳ್ಳಬೇಕಾದ್ದೂ ಅಲ್ಲೇ. ಸುಂಕ ಕಟ್ಟಬೇಕಾದವರು ನೀವಲ್ಲ, ಆದರೆ ಮಾರ್ಕ್ ಇಲ್ಲದ್ದನ್ನು ಮಾರಿದರೆ ಕೇಸು ನಿಮ್ಮ ಮೇಲೂ ಆಗುತ್ತದೆ. ಐಎಸ್‌ಐ ಮಾರ್ಕ್ ಕೊಡುವ ಸಂಸ್ಥೆ ಬಿಐಎಸ್. 2016ರ ಬಿಐಎಸ್ ಕಾಯ್ದೆಯಲ್ಲಿ ಮೊದಲ ಸಲಕ್ಕೇ ದಂಡ ಕನಿಷ್ಠ 2 ಲಕ್ಷ. 2023ರ ಜನವರಿಯಲ್ಲಿ ವಿಮಾನ ನಿಲ್ದಾಣ, ಮಾಲ್‌ಗಳ ದೊಡ್ಡ ಅಂಗಡಿಗಳಿಂದಲೇ ಸಾವಿರಾರು ಆಟಿಕೆ ಹಿಡಿದರು. ಡಬ್ಬಿ ಮೇಲೆ ಐಎಸ್‌ಐ ಗುರುತು, ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ನಂಬರ್ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾವ ಕಂಪನಿಯದು, ಚಾಲ್ತಿಯಲ್ಲಿದೆಯಾ ಅಂತ ಗೊತ್ತಾಗುತ್ತದೆ. ಹೋಲ್‌ಸೇಲ್‌ನವರಿಂದ ಬಿಲ್ ಇಸ್ಕೊಳ್ಳಿ. ಬಿಲ್ ಇಲ್ಲ ಅಂದರೆ 50ರ ಕಾರು 40ಕ್ಕೆ ಕೊಟ್ಟರೂ ಬೇಡ.

(ಮೇಷ್ಟ್ರಿಗೂ ಒಂದು ಮಾತು. ಈ ಮಾರ್ಕ್ ಬೇಕಾದ್ದು 14 ವರ್ಷದೊಳಗಿನ ಮಕ್ಕಳು ಆಡುವ ಸಾಮಾನಿಗೆ. ಡಬ್ಬಿ ಮೇಲೆ 14+ ಅಂತ ಇರುವುದು ಅಲ್ಲಿ ಉಪಯೋಗಕ್ಕೆ ಬರುತ್ತದೆ, ಸುಂಕದಲ್ಲಿ ಬರುವುದಿಲ್ಲ.)

ಪ್ರಶ್ನೆ: ಅರಸೀಕೆರೆಯಿಂದ ಬರೆಯುತ್ತಿದ್ದೇನೆ. ದಸರಾಕ್ಕೆ ಮನೆಯಲ್ಲಿ ಗೊಂಬೆ ಕೂರಿಸುತ್ತೇವೆ. ಮಗ ಅಮೆರಿಕದಿಂದ ಬರುವಾಗ ಅಲ್ಲಿಯ ಗೊಂಬೆ ತರುತ್ತಾನಂತೆ. ಸುಂಕ ಆಗುತ್ತದಾ?

ಉತ್ತರ: ಅಮ್ಮ, ಪಾರ್ಸೆಲ್ ಮಾಡಬೇಡ, ಲಗೇಜಿನಲ್ಲೇ ತಾ ಅನ್ನಿ. ಪ್ರಯಾಣಿಕರು ತರುವ ಸಾಮಾನಿಗೆ ಒಂದು ಮಿತಿವರೆಗೆ ಸುಂಕ ಇಲ್ಲ. 2016ರ ನಿಯಮದಲ್ಲಿ ಅದು 50,000 ರೂಪಾಯಿ ಇತ್ತು, ಆಮೇಲೆ ಏರಿಸಿದ್ದಾರೆ. ನಾಲ್ಕಾರು ಗೊಂಬೆ ಅದರೊಳಗೆ ಬಂದುಬಿಡುತ್ತವೆ, ಬಿಲ್ ಮಾತ್ರ ಇಟ್ಟುಕೊಳ್ಳಲಿ.

ಪ್ರಶ್ನೆ: ನಾವು ಸಕಲೇಶಪುರದ ಹತ್ತಿರ ಅಕ್ಕ ತಂಗಿ ಸೇರಿ ತೋಟದ ಸಿಲ್ವರ್ ಓಕ್ ಮರದಲ್ಲಿ ಆಟಿಕೆ ಮಾಡುತ್ತೇವೆ. ಆನೆ ಬಂಡಿ, ಬುಗುರಿ, ಜೋಡಿಸುವ ಬಳೆಗಳು. ಅಮೆರಿಕದ ಒಂದು ಅಂಗಡಿ ನಮ್ಮಿಂದ ಒಂದು ಸೆಟ್ಟಿಗೆ 600 ರೂಪಾಯಿಯಂತೆ ತರಿಸುತ್ತಿತ್ತು. 2025ರಲ್ಲಿ ಸುಂಕ ಬಂದ ಮೇಲೆ "ಅರ್ಧ ನೀವು ಹೊತ್ತುಕೊಳ್ಳಿ" ಅಂದರು. 150 ಬಿಟ್ಟು 450ಕ್ಕೆ ಕೊಟ್ಟೆವು. ಈಗ ಲಾಭವೇ ಉಳಿಯುತ್ತಿಲ್ಲ. ಸರಿ ಮಾಡಿದೆವಾ?

ಉತ್ತರ: ಆನೆಯನ್ನು ನೋಡಿ ಸಕಲೇಶಪುರದವರು ನಗುವುದು ಅದು ಮರದ್ದಾದಾಗ ಮಾತ್ರ, ನಿಮ್ಮ ಕೆಲಸಕ್ಕೆ ಮೊದಲು ಒಂದು ಭೇಷ್. ಆದರೆ ಲೆಕ್ಕದಲ್ಲಿ ನಿಮಗೆ ಟೋಪಿ ಬಿದ್ದಿದೆ.

ಅಮೆರಿಕದಲ್ಲಿ ಆಟಿಕೆಗೆ ಮಾಮೂಲಿ ಸುಂಕ ಸೊನ್ನೆ. ಅದರ ಮೇಲೆ 2025ರ ಆಗಸ್ಟ್ 7ರಿಂದ ಭಾರತದ ಮಾಲಿಗೆ 25, ಆಗಸ್ಟ್ 27ರಿಂದ ಇನ್ನೊಂದು 25, ಒಟ್ಟು 50 ಪರ್ಸೆಂಟ್ ಬಂತು, ಇದು 2025ರ ದರ. 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಇದ್ದ ವಿನಾಯಿತಿಯೂ ಆಗಸ್ಟ್ 29ಕ್ಕೆ ಹೋಯಿತು. ನಮ್ಮ ಅಂಚೆ ಇಲಾಖೆ ಅಲ್ಲಿಗೆ ಪಾರ್ಸೆಲ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿ, ಅಕ್ಟೋಬರ್ 15ಕ್ಕೆ ಮತ್ತೆ ಶುರು ಮಾಡಿತು, ಸುಂಕವನ್ನು ಇಲ್ಲೇ ಮುಂಗಡ ಕಟ್ಟಿಸಿಕೊಂಡು.

ಈಗ ನಿಮ್ಮ ಸೆಟ್ಟು. 600ಕ್ಕೆ 50 ಪರ್ಸೆಂಟ್ ಅಂದರೆ 300, ಅರ್ಧ 150, ಅಷ್ಟನ್ನು ನೀವು ಬಿಟ್ಟಿರಿ. ಆದರೆ ನೀವು ಬೆಲೆ ಇಳಿಸಿದ ತಕ್ಷಣ ಸುಂಕವೂ ಇಳಿಯಿತು. 450ಕ್ಕೆ ಸುಂಕ 225, ಅವರಿಗೆ ಬಿದ್ದದ್ದು 675. ಮೊದಲು 600 ಬೀಳುತ್ತಿತ್ತು. ಅಂದರೆ ನೀವು ಕಳೆದುಕೊಂಡದ್ದು 150, ಅವರ ಮೈಮೇಲೆ ಬಂದದ್ದು ಬರೀ 75! ನಿಜವಾಗಿ ಸಮಪಾಲು ಅಂದರೆ ಬೆಲೆ 480 ಆಗಬೇಕಿತ್ತು. ಆಗ ಸುಂಕ 240, ಅವರಿಗೆ 720. ನಿಮಗೂ 120 ಪೆಟ್ಟು, ಅವರಿಗೂ 120. ಇದನ್ನೇ ಬರೆದು ಕಳಿಸಿ. ಬೇಕಂತಲೇ ಮೋಸ ಮಾಡಿದ್ದಾರೆ ಅಂತಲ್ಲ, ಎಷ್ಟೋ ಸಲ ಅವರೂ ಈ ಲೆಕ್ಕ ಹಾಕಿರುವುದಿಲ್ಲ.

ಮುಂದಿನ ಆರ್ಡರ್‌ನಲ್ಲಿ ಆಮದು ಮಾಡುವವರು ಯಾರು ಅಂತ ಬರೆಸಿ. ಎಫ್‌ಒಬಿ ಅಂದರೆ ಹಡಗು ಹತ್ತಿಸುವವರೆಗೆ ಮಾತ್ರ ನಿಮ್ಮ ಹೊಣೆ, ಸುಂಕ ಅವರದ್ದು. ಡಿಡಿಪಿ ಅಂದರೆ ಮನೆ ಬಾಗಿಲವರೆಗೆ ಎಲ್ಲ ನಿಮ್ಮದು, ಸುಂಕ ಕೂಡ. ಅಂಚೆಯಲ್ಲಿ ಸುಂಕ ಮುಂಗಡ ಕಟ್ಟುವಾಗ ದುಡ್ಡು ನಿಮ್ಮ ಕೈಯಿಂದಲೇ ಹೋಗುತ್ತದೆ, ಹಾಗಾಗಿ ಅದನ್ನು ಬಿಲ್ಲಿನಲ್ಲಿ ಬೇರೆ ಸಾಲಾಗಿ ಹಾಕಿ, ಆಟಿಕೆ ಬೆಲೆಯೊಳಗೆ ಹುದುಗಿಸಬೇಡಿ. ಹುದುಗಿಸಿದರೆ ಆ ಸುಂಕದ ಮೇಲೂ ಸುಂಕ ಬೀಳಬಹುದು.

ಈ ದರಗಳು ನಿಂತ ನೀರಲ್ಲ. ಅಧ್ಯಕ್ಷರಿಗೆ ಹೀಗೆ ಸುಂಕ ಹಾಕುವ ಅಧಿಕಾರ ಇದೆಯಾ ಅಂತ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 2025ರ ನವೆಂಬರ್‌ನಲ್ಲಿ ವಾದ ನಡೆಯಿತಲ್ಲ, ಆ ಮೊಕದ್ದಮೆ ಹೂಡಿದವರಲ್ಲಿ ಲರ್ನಿಂಗ್ ರಿಸೋರ್ಸಸ್ ಅನ್ನೋ ಆಟಿಕೆ ಕಂಪನಿಯೂ ಒಂದು. ಅಲ್ಲಿ ಮಾರಾಟವಾಗುವ ಆಟಿಕೆಯಲ್ಲಿ ಹೆಚ್ಚುಕಡಿಮೆ 80 ಪರ್ಸೆಂಟ್ ಚೀನಾದ್ದು. 2025ರ ಏಪ್ರಿಲ್‌ನಲ್ಲಿ ಚೀನಾ ಮಾಲಿನ ಮೇಲೆ 145 ಹಾಕಿ, ಮೇ ತಿಂಗಳಲ್ಲಿ 30ಕ್ಕೆ ಇಳಿಸಿದರು. ಒಂದು ತಿಂಗಳಲ್ಲಿ! ಇಂಥ ಕಾಲದಲ್ಲಿ ವರ್ಷಕ್ಕೊಂದು ರೇಟು ಅಂತ ಒಪ್ಪಿಕೊಂಡವರು ಕೆಟ್ಟರು. ನಿಮ್ಮ ಬೆಲೆ ಒಂದು ಕಡೆ, ಆ ದಿನದ ಸುಂಕ ಇನ್ನೊಂದು ಕಡೆ ಇರಲಿ. ಸುಂಕ ಇಳಿದರೆ ನೀವು ಬಿಟ್ಟ ರಿಯಾಯಿತಿ ವಾಪಸ್ ಅಂತಲೂ ಒಂದು ಸಾಲು ಸೇರಿಸಿ. ಇದನ್ನು ಕೇಳುವುದಕ್ಕೆ ನಮ್ಮವರು ನಾಚಿಕೊಳ್ಳುತ್ತಾರೆ, ಯಾಕೋ.

ಅಮೆರಿಕ ಒಂದನ್ನೇ ನಂಬಬೇಡಿ ಅಂತ ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಯುಎಇ ಜೊತೆ ನಮ್ಮ ವ್ಯಾಪಾರ ಒಪ್ಪಂದ 2022ರ ಮೇ 1ರಿಂದ ಜಾರಿಯಲ್ಲಿದೆ, ಬ್ರಿಟನ್ ಜೊತೆ 2025ರ ಜುಲೈನಲ್ಲಿ ಸಹಿ ಆಗಿದೆ. ಆದರೆ ನಿಮ್ಮಂಥ ಸಣ್ಣ ಕೈಕೆಲಸದವರಿಗೆ ಹತ್ತಿರದ ಲಾಭ ಮನೆ ಬಾಗಿಲಲ್ಲೇ ಇದೆ ಅನ್ನೋದು ನನ್ನ ಅಭಿಪ್ರಾಯ. ಹೊರಗಿನ ಒಳ್ಳೆ ಮರದ ಆಟಿಕೆಗೆ ಇಲ್ಲಿ 70 ಪರ್ಸೆಂಟ್ ಸುಂಕ ಇದೆ, ಅದು ನಿಮ್ಮ ಪರವಾಗಿರೋ ಬೇಲಿ. ಮೂಡಿಗೆರೆ, ಚಿಕ್ಕಮಗಳೂರು ಕಡೆಯ ಹೋಂಸ್ಟೇಗಳಿಗೆ ಮಕ್ಕಳ ಜೊತೆ ಬರುವವರು ಬೆಂಗಳೂರಿನವರೇ, ಆ ಬೆಲೆ ಗೊತ್ತಿರುವವರೇ. ಬೇಲೂರು, ಹಳೇಬೀಡಿನ ಅಂಗಡಿ ಸಾಲಿನಲ್ಲಿ ತೋಟದ ಮರದ ಆಟಿಕೆ ಎಷ್ಟಿದೆ ಹೇಳಿ?

ಇಲ್ಲಿ ಮಾರುವುದಾದರೆ ಐಎಸ್‌ಐ ಮಾರ್ಕ್ ವಿಷಯ ನಿಮಗೂ ಬರುತ್ತದೆ. ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗೆ ಅದರಿಂದ ವಿನಾಯಿತಿ ಇದೆ. ಚನ್ನಪಟ್ಟಣದ ಗೊಂಬೆಯಂತೆ ಜಿಐ (ಊರಿನ ಹೆಸರಿಗೆ ಸಿಗುವ ಭೌಗೋಳಿಕ) ಗುರುತು ಪಡೆದ ಆಟಿಕೆಗೆ, ಅದರ ಅಧಿಕೃತ ಬಳಕೆದಾರರಿಗೂ ಇದೆ. ಆದರೆ ನಿಮ್ಮದು ಚನ್ನಪಟ್ಟಣದ ಮಾಲಲ್ಲ, ಆ ಹೆಸರು ಹಾಕಿಕೊಳ್ಳಬೇಡಿ. ನೀವಿಬ್ಬರೂ ಆ ಆಯುಕ್ತರ ಕಚೇರಿ ಕೊಡುವ ಕುಶಲಕರ್ಮಿಗಳ ಪೆಹಚಾನ್ (ಗುರುತಿನ) ಕಾರ್ಡ್‌ಗೆ ಈಗಲೇ ಅರ್ಜಿ ಹಾಕಿ.

ಅಮೆರಿಕಕ್ಕೆ ಕಳಿಸುವುದನ್ನು ಮುಂದುವರಿಸಿದರೆ ಬಣ್ಣದ ಪರೀಕ್ಷೆ ಮರೆಯಬೇಡಿ. ಅಲ್ಲಿ ಮಕ್ಕಳ ಸಾಮಾನಿನ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದು, ಮಾನ್ಯತೆ ಪಡೆದ ಲ್ಯಾಬ್‌ನ ವರದಿ ಬೇಕು. ಆ ಖರ್ಚು ಒಂದು ಸೆಟ್ಟಿಗೂ ಅಷ್ಟೇ, ಸಾವಿರ ಸೆಟ್ಟಿಗೂ ಅಷ್ಟೇ. ಹಾಗಾಗಿ ಹತ್ತು ಬಣ್ಣ ಬಿಟ್ಟು ಮೂರು ಬಣ್ಣಕ್ಕೆ ಇಳಿಸಿ, ಎಲ್ಲಾ ಆಟಿಕೆಗೂ ಅದೇ ಮೂರು ಬಳಸಿ. ಮರದ ಪೆಟ್ಟಿಗೆಯಲ್ಲಿ ತುಂಬಿ ಕಳಿಸುವುದಾದರೆ ಮರದ ಹುಳು ಸಾಯಲು ಪೆಟ್ಟಿಗೆಗೆ ಶಾಖ ಕೊಟ್ಟಿದೆ ಅನ್ನೋ ಸೀಲು ಬೇಕಾಗುತ್ತದೆ. ರಟ್ಟಿನ ಡಬ್ಬಿಗೆ ಆ ರಗಳೆ ಇಲ್ಲ.